ಬೆನ್ನ ಮೇಲಿನ ಪಲ್ಲಕ್ಕಿ

ಮದುವೆ ಬ್ಲೌಸ್ ಹೊಲಿಸಲು ಹೋದವರು ಮೊದಲು ಹೇಳಬೇಕಾದ ಮಾತು ಇಷ್ಟೇ: "ಅಕ್ಕಾ, ಯಾರ ಹತ್ರನೂ ಇರಬಾರದು, ಅಂಥ ಡಿಸೈನ್ ಬೇಕು." ಹೇಳಿದ ಮರುಕ್ಷಣ ಮೊಬೈಲ್ ತೆಗೆದು, ಊರಿಗೆ ಊರೇ ನೋಡಿ ಮುಗಿಸಿರುವ ರೀಲ್ಸ್ ತೋರಿಸಬೇಕು. ಬೊಟಿಕ್ ಅಕ್ಕ ನಗುವುದಿಲ್ಲ, ಅವರಿಗೆ ವ್ಯಾಪಾರ ಗೊತ್ತು. ಅದೇ ಚಿತ್ರ ಅವರ ಟ್ರೇಸಿಂಗ್ ಪೇಪರಿನ ಸುರುಳಿಯಲ್ಲಿ ಮೊದಲೇ ಇದೆ. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ತೂತುಗಳು ಬಳಸಿ ಬಳಸಿ ಅಗಲವಾಗಿವೆ. ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಒರೆಸಿದರೆ ಸಾಕು, ನಿಮ್ಮ ಏಕಮೇವಾದ್ವಿತೀಯ ವ್ಯಕ್ತಿತ್ವ ಕೆಳಗಿನ ರೇಷ್ಮೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ. ಕಾಗದ ಹರಿಯುವ ತನಕ ಇಂಥ ವ್ಯಕ್ತಿತ್ವಗಳನ್ನು ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದು.

ಸದ್ಯ ನಡೆಯುತ್ತಿರುವುದು ಪಲ್ಲಕ್ಕಿ. ಬ್ಲೌಸಿನ ಬೆನ್ನಿನಲ್ಲಿ ಲೋಹದ ತಂತಿಯ ಜರ್ದೋಸಿ ಕಸೂತಿಯ ಪಲ್ಲಕ್ಕಿ, ಒಳಗೆ ತಲೆ ತಗ್ಗಿಸಿದ ಮದುಮಗಳು, ಹೊರಲು ಆಳುಗಳು. ಎಡ ತೋಳಿನಲ್ಲಿ ಹುಡುಗಿಯ ಮುಖ, ಬಲ ತೋಳಿನಲ್ಲಿ ಹುಡುಗನದು, ಅಂಚಿನಲ್ಲಿ ಇಬ್ಬರ ಹೆಸರು, ಮದುವೆಯ ತಾರೀಖು. ಕಾರಿನಲ್ಲಿ ಬಂದು ಲಿಫ್ಟಿನಲ್ಲಿ ಹಾಲ್‌ಗೆ ಹತ್ತುವ ಹೆಣ್ಣಿಗೆ ಬೆನ್ನ ಮೇಲೆ ಪಲ್ಲಕ್ಕಿ ಯಾಕೆಂದು ಕೇಳಬಾರದು. ಬಾಸಿಂಗ, ಮೆಹಂದಿ, ತಾಳಿ ಎಲ್ಲವೂ ಇದ್ದು ಇವಳೇ ಮದುಮಗಳೆಂದು ಯಾರಿಗಾದರೂ ತಿಳಿಯದೇ ಹೋದರೆ, ಓದಿಕೊಳ್ಳಲು ಬರಹದಲ್ಲೂ ಇರಲಿ ಎಂಬ ಮುಂಜಾಗ್ರತೆ.

ತೊಂದರೆ ಎಂದರೆ, ಹೆಣ್ಣಿಗೆ ಇರುವುದು ಒಂದೇ ಬೆನ್ನು. ಅದರ ಮೇಲೆ ಹಕ್ಕು ಸಾಧಿಸುವವರು ಮೂವರು. ಮೊದಲನೆಯದು ಸೆರಗು. ಎಡ ಭುಜದಿಂದ ಹಿಂದಕ್ಕೆ ಬೀಳುವಾಗ ಅದು ಬೆನ್ನಿನ ಎಡ ಅರ್ಧವನ್ನು ಮುಚ್ಚುತ್ತದೆ. ಅಂದರೆ ಪಲ್ಲಕ್ಕಿಯ ಹಿಂದಿನ ಆಳುಗಳಷ್ಟೇ ಕಾಣುತ್ತಾರೆ, ಮದುಮಗಳು ಸೆರಗಿನೊಳಗೆ ಅಡಗುತ್ತಾಳೆ. ಎರಡನೆಯದು ಮೊಗ್ಗಿನ ಜಡೆ. ಅದು ಬೀಳುವುದು ಬೆನ್ನಿನ ನಟ್ಟನಡುವೆ, ಸರಿಯಾಗಿ ಪಲ್ಲಕ್ಕಿಯ ಮೇಲೆ. ಮೂರನೆಯದು ಪಲ್ಲಕ್ಕಿ. ಇತ್ಯರ್ಥವಾಗುವುದು ಹೀಗೆ: ಸೆರಗನ್ನು ಹಿಂದಿನ ದಿನವೇ ಇಸ್ತ್ರಿ ಮಾಡಿಸಿ, ನಾಲ್ಕು ಬೆರಳಗಲದ ನೆರಿಗೆ ಹಿಡಿದು, ಭುಜದ ತುದಿಗೆ ಪಿನ್ನು ಹಾಕಿ ಬಿಗಿಯುತ್ತಾರೆ. ಮಾವಿನಕಾಯಿ, ನವಿಲು ಎಂದು ಅಂಗಡಿಯಲ್ಲಿ ಎರಡು ಗಂಟೆ ಹುಡುಕಿ ಆರಿಸಿದ ಸೆರಗು ಆ ನೆರಿಗೆಯೊಳಗೆ ಮಡಚಿಕೊಂಡು ಕಣ್ಮರೆಯಾಗುತ್ತದೆ. ಜಡೆಯನ್ನು ಫೋಟೊಗ್ರಾಫರ್ ಮುಂದಕ್ಕೆ ಹಾಕಿಸುತ್ತಾನೆ. ಆಮೇಲೆ "ಮೇಡಂ, ಹಂಗೇ ತಿರುಗಿ ನಿಂತ್ಕೊಳಿ" ಎನ್ನುತ್ತಾನೆ. ಮದುವೆಯ ಆಲ್ಬಂನಲ್ಲಿ ಮದುಮಗಳ ಮುಖಕ್ಕಿಂತ ಬೆನ್ನಿನ ಫೋಟೊಗಳೇ ಹೆಚ್ಚಾಗಿ ಸಿಗುವುದಕ್ಕೆ ಕಾರಣ ಇಷ್ಟೇ.

ತೋಳಿನ ಕಥೆಯೂ ಹೀಗೆಯೇ. ವಂಕಿ ಕಟ್ಟುವ ಜಾಗ ಯಾವುದೋ ವರನ ಮುಖದ ಜಾಗವೂ ಅದೇ. ಮೇಲೆ ಕಟ್ಟಿದರೆ ಹಣೆ ಹೋಗುತ್ತದೆ, ಕೆಳಗೆ ಕಟ್ಟಿದರೆ ಬಾಯಿ.

ಇನ್ನು ಕೆಲಸದ ಮಾತು. ಸೀರೆಯ ಜೊತೆ ಬರುವ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್. ಮೊಣಕೈ ಉದ್ದದ ತೋಳು, ಅದರ ಮೇಲೆ ಮುಖ, ಸುತ್ತ ಮಾರ್ಜಿನ್ ಎಂದರೆ ಅದು ಸಾಲದು. ಹಾಗಾಗಿ ಸೀರೆಯ ಅಂಚಿಗೆ ಹೊಂದುವಂತೆ ನೇಯ್ದ ಬಟ್ಟೆಯನ್ನು ಬೀರುವಿಗೆ ಹಾಕಿ, ಹೊಂದೀತೋ ಇಲ್ಲವೋ ಎಂಬ ಆತಂಕದೊಂದಿಗೆ ಬೇರೆ ರಾ ಸಿಲ್ಕ್ ತರುತ್ತಾರೆ. ಆರಿ ಕಸೂತಿಯ ಕೆಲಸ ನಡೆಯುವುದು ಹೊಲಿಗೆಗೆ ಮುಂಚೆ. ಅಳತೆ ಬರೆದು, ಬಟ್ಟೆಗೆ ಅಡಿಬಟ್ಟೆ ಕೊಟ್ಟು, ಮರದ ಫ್ರೇಮಿಗೆ ಬಿಗಿಯಾಗಿ ಎಳೆದು ಕಟ್ಟಿ, ಕೊಕ್ಕೆಯ ಸೂಜಿಯಲ್ಲಿ ಮಣಿ ಪೋಣಿಸುತ್ತಾ ಹೋಗುತ್ತಾರೆ. ಬಿಗಿದ ಬಟ್ಟೆ ಫ್ರೇಮಿನಿಂದ ಇಳಿದ ಮೇಲೆ ಸಡಿಲುತ್ತದೆ, ದಾರದ ಎಳೆತಕ್ಕೆ ಸುಕ್ಕಿಕೊಳ್ಳುತ್ತದೆ, ಅಳತೆ ಎಲ್ಲೋ ಅರ್ಧ ಇಂಚು ತಪ್ಪುತ್ತದೆ. ಅನುಭವವಿದ್ದವರು ಎರಡೂ ಪಕ್ಕ ಒಂದೂವರೆ ಇಂಚು ಬಿಟ್ಟು, ಹೊಲಿಗೆ ಗೆರೆಗೆ ಅರ್ಧ ಇಂಚು ಮೊದಲೇ ಮಣಿ ನಿಲ್ಲಿಸುತ್ತಾರೆ. ರೀಲ್ಸಿನಲ್ಲಿ ಮಾತ್ರ ಬಳ್ಳಿ ಕಂಕುಳವರೆಗೂ ಹಬ್ಬಿದೆ! ಹಬ್ಬಿಸಿದರೆ ಹೊಲಿಗೆ ಯಂತ್ರದ ಸೂಜಿ ಮಣಿಗೆ ತಾಗಿ ಮುರಿಯುತ್ತದೆ. ಆಗ ಟೈಲರ್ ಇಕ್ಕಳ ಹಿಡಿದು, ನೀವು ದುಡ್ಡು ಕೊಟ್ಟು ಹಾಕಿಸಿದ ಮಣಿಗಳನ್ನು ಒಂದೊಂದಾಗಿ ಪುಡಿಮಾಡುತ್ತಾನೆ. ಅದಕ್ಕೆ ಬೇರೆ ಚಾರ್ಜ್ ಹಾಕದಿದ್ದರೆ ನಿಮ್ಮ ಪುಣ್ಯ.

ಬೆನ್ನಿನ ಕತ್ತು ಒಂಬತ್ತು-ಹತ್ತು ಇಂಚು ಇಳಿದಿರಬೇಕು ಎಂಬುದು ಇನ್ನೊಂದು ಕಡ್ಡಾಯ. ಅಷ್ಟು ಇಳಿದರೆ ಭುಜ ಜಾರುತ್ತದೆ, ಜಾರದಂತೆ ಡೋರಿ, ಡೋರಿಗೆ ಕುಚ್ಚು, ಕುಚ್ಚಿಗೆ ಗೆಜ್ಜೆ. ಪಲ್ಲಕ್ಕಿಯ ತೂಕವೂ ಹಿಂದೆಯೇ. ಬ್ಲೌಸು ಹಿಂದಕ್ಕೆ ಎಳೆದಷ್ಟೂ ಮುಂದಿನ ಕತ್ತು ಗಂಟಲಿನ ಕಡೆ ಏರುತ್ತದೆ. ಧಾರೆಯ ಹೊತ್ತಿನಲ್ಲಿ ಮದುಮಗಳು ಪದೇ ಪದೇ ಕತ್ತಿನ ಬಳಿ ಬೆರಳಾಡಿಸುವುದನ್ನು ಹಿರಿಯರು ನಾಚಿಕೆ ಎಂದುಕೊಳ್ಳುತ್ತಾರೆ.

ಆಮೇಲೆ ಜೀರಿಗೆ ಬೆಲ್ಲದ ಪರೀಕ್ಷೆ. ಅಂತರಪಟ ಸರಿಯಿತು, ಗಟ್ಟಿಮೇಳ ಬಾರಿಸಿತು, ಕೈ ಎತ್ತಿ ಹುಡುಗನ ತಲೆಯ ಮೇಲೆ ಇಡಬೇಕು. ಕೈ ಎತ್ತಲು ಬರುವ ಬ್ಲೌಸಿಗೆ ಕಂಕುಳ ಕತ್ತರಿ ಮೇಲೆಯೇ ನಿಲ್ಲಬೇಕು. ಕೆಳಗೆ ಇಳಿಸಿ ಕತ್ತರಿಸಿದರೆ ಕೈಯ ಜೊತೆ ಇಡೀ ಬ್ಲೌಸೇ ಎದ್ದು ಬರುತ್ತದೆ. ಮಣಿ ತುಂಬಿದ ತೋಳು ಗಟ್ಟಿ ಕೊಳವೆಯಂತೆ, ಬಾಗುವುದೂ ಇಲ್ಲ. ಹುಡುಗ ಆರಡಿ ಇದ್ದರೆ ಜೀರಿಗೆ ಬೆಲ್ಲ ಅವನ ಕಿವಿಯ ಹತ್ತಿರ ಎಲ್ಲೋ ಮುಟ್ಟುತ್ತದೆ. ಅದಕ್ಕೂ ಮುಂದಿನ ಸೀಸನ್ನಿನಲ್ಲಿ ಏನಾದರೂ ಹೆಸರಿಟ್ಟಾರು.

ನಮ್ಮ ಅಜ್ಜಿಯರು ಈ ವಿಷಯದಲ್ಲಿ ಬಹಳ ಹಿಂದುಳಿದಿದ್ದರು. ಬಾಗಲಕೋಟೆ ಕಡೆ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ, ಎದೆಯ ಕೆಳಗೆ ಒಂದು ಗಂಟು. ಹುಕ್ಕಿಲ್ಲ, ಡೋರಿಯಿಲ್ಲ. ಮೈ ತುಂಬಿದರೆ ಗಂಟು ಸಡಿಲ, ಇಳಿದರೆ ಬಿಗಿ. ಬಸಿರಿನಲ್ಲೂ ಅದೇ, ಬಾಣಂತನದಲ್ಲೂ ಅದೇ. ಚಿತ್ತಾರವೆಲ್ಲ ನೇಯ್ಗೆಯಲ್ಲೇ ಇರುತ್ತಿದ್ದುದರಿಂದ ಉದುರಲು ಏನೂ ಇರಲಿಲ್ಲ. ಇಳಕಲ್‌ನ ಕೆಂಪು ಸೆರಗನ್ನು ಮೈಬಟ್ಟೆಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಿದ್ದರು, ಅದು ಎಲ್ಲರಿಗೂ ಕಾಣುವಂತೆ ಹೊದೆಯುತ್ತಿದ್ದರು. ಒಬ್ಬಳ ಸೀರೆಯ ಹಾಗೆಯೇ ಇನ್ನೊಬ್ಬಳದು, ಆದರೂ ಉಟ್ಟ ರೀತಿ ನೋಡಿ ದೂರದಿಂದಲೇ ಇಂಥವಳೆಂದು ಹೇಳುತ್ತಿದ್ದರು. ಈಗ ಖಣಕ್ಕೂ ಯೋಗ ಬಂದಿದೆ: ಅದನ್ನು ಕುಪ್ಪಸ ಬಿಟ್ಟು ಲ್ಯಾಪ್‌ಟಾಪ್ ಚೀಲ, ದಿಂಬಿನ ಕವರು, ಇಡೀ ಸೀರೆ ಎಲ್ಲಕ್ಕೂ ಬಳಸುತ್ತಾರೆ. ಬಹಳಷ್ಟು ಪವರ್‌ಲೂಮಿನ ಪಾಲಿಯೆಸ್ಟರ್.

ಬಣ್ಣದ ಬಗ್ಗೆಯೂ ಎರಡು ಮಾತು. 2017ರ ಡಿಸೆಂಬರಿನಲ್ಲಿ ಅನುಷ್ಕಾ ಶರ್ಮಾ ಇಟಲಿಯ ಟಸ್ಕನಿಯಲ್ಲಿ ತಿಳಿಗುಲಾಬಿ ಲೆಹೆಂಗಾ ತೊಟ್ಟು ವಿರಾಟ್ ಕೊಹ್ಲಿಯನ್ನು ಮದುವೆಯಾದರು. ಚೆನ್ನಾಗಿಯೇ ಕಂಡರು. ಅದರ ಬೆನ್ನಿಗೇ ನಮ್ಮ ಛತ್ರಗಳಿಗೂ ಪೇಸ್ಟಲ್ ಬಂತು. ಬ್ಯಾಕ್‌ಡ್ರಾಪೂ ಪೇಸ್ಟಲ್, ಹೂವೂ ಪೇಸ್ಟಲ್, ಮದುಮಗಳೂ ಪೇಸ್ಟಲ್. ವಿಡಿಯೊ ಲೈಟ್ ಹಾಕಿದೊಡನೆ ಮೂರೂ ಒಂದಾಗಿ, ತೇಲುತ್ತಿರುವ ಒಂದು ಮುಖ ಮಾತ್ರ ಉಳಿಯುತ್ತದೆ. ಟಸ್ಕನಿಯ ಫೋಟೊಗಳಲ್ಲಿ ಕಾಣದ ಇನ್ನೊಂದು ಸಂಗತಿ ನಮ್ಮಲ್ಲಿ ಧಾರಾಳ: ಅರಿಶಿನದಕ್ಷತೆ, ಕುಂಕುಮ, ತುಪ್ಪ, ಹೋಮದ ಮಸಿ. ಕೆಂಪು, ಹಳದಿ, ಗಾಢ ಹಸಿರು ಇವನ್ನೆಲ್ಲ ನುಂಗಿಕೊಳ್ಳುತ್ತಿದ್ದವು. ತಿಳಿಗುಲಾಬಿಯ ಮೇಲೆ ಮಧ್ಯಾಹ್ನದ ಪಂಕ್ತಿಯ ಹೊತ್ತಿಗೆ ಆಶೀರ್ವಾದ ಮಾಡಿದವರ ಬೆರಳಚ್ಚು ಎಣಿಸಬಹುದು. ಗಾಬರಿಯಲ್ಲಿ ಸೋಪು ಹಚ್ಚಬೇಡಿ. ಕ್ಷಾರ ತಗುಲಿದ ಅರಿಶಿನ ಕೆಂಪಾಗುತ್ತದೆ, ಮದುವೆಮನೆಯಲ್ಲಿ ಆ ಬಣ್ಣಕ್ಕೆ ಬೇರೆಯೇ ಅರ್ಥ ಬರುತ್ತದೆ.

ಮದುವೆ ಮುಗಿಯಿತು. 8 ಸಾವಿರದ ಸೀರೆಗೆ ಹೊಲಿಸಿದ 12 ಸಾವಿರದ ಬ್ಲೌಸನ್ನು ಈಗ ನೀರಿಗೆ ಹಾಕುವಂತಿಲ್ಲ. ಡ್ರೈಕ್ಲೀನಿಂಗಿಗೆ ಕೊಟ್ಟರೆ ಅಂಟಿನಲ್ಲಿ ಕೂರಿಸಿದ ಕುಂದನ್ ಕಲ್ಲುಗಳು ಕಳಚಿಕೊಳ್ಳುತ್ತವೆ. ಬೆವರು, ಸೆಂಟು ತಗುಲಿದ ಜರ್ದೋಸಿ ತಂತಿ ಕಪ್ಪಾಗುತ್ತದೆ. ತೂಗುಹಾಕಿದರೆ ಭುಜ ಹಿಗ್ಗುತ್ತದೆ. ಒಳಮಗ್ಗುಲು ಹೊರಗೆ ಮಾಡಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕದೆ ಇಡುವುದೊಂದೇ ದಾರಿ. ತಂಗಿಗೆ ಕೊಡೋಣವೆಂದರೆ ಅದರ ಮೇಲೆ ಭಾವನ ಹೆಸರಿದೆ.

ವರ್ಷ ಕಳೆದು ಯಾರದೋ ಗೃಹಪ್ರವೇಶಕ್ಕೆ ತೆಗೆದರೆ ಹುಕ್ಕು ಕೂಡುವುದಿಲ್ಲ. ಮಾರ್ಜಿನ್ ಬಿಡದವರು ಟೈಲರ್ ಮುಂದೆ ನಿಲ್ಲಬೇಕು. ಅವನು ಹೊಲಿಗೆ ಬಿಚ್ಚಿ, ಕಂಕುಳಿಂದ ಸೊಂಟದವರೆಗೆ ಎರಡಿಂಚಿನ ಪಟ್ಟಿ ಸೇರಿಸಿ ಕೊಡುತ್ತಾನೆ. ಅದೇ ಬಣ್ಣದ ರಾ ಸಿಲ್ಕ್ ಈಗ ಸಿಗುವುದಿಲ್ಲವಾದ್ದರಿಂದ ಕೈಗೆ ಸಿಕ್ಕ ಬೇರೆ ಬಣ್ಣದ್ದು. ಯಾರಾದರೂ ಆ ಪಟ್ಟಿ ಕಾಣುವಂತೆ ಕೈ ಎತ್ತಿ ಒಂದು ಫೋಟೊ ಹಾಕಿದರೆ ಸಾಕು, ಬರುವ ಮಾಘದ ಮುಹೂರ್ತಗಳಿಗೆ ಬೊಟಿಕ್‌ಗಳಲ್ಲಿ "ಕಾಂಟ್ರಾಸ್ಟ್ ಸೈಡ್ ಪ್ಯಾನೆಲ್" ಎಂದು ಬೋರ್ಡು ಬೀಳುತ್ತದೆ, ಸರಿಯಾಗಿ ಕೂರುವ ಬ್ಲೌಸನ್ನೂ ಬಿಚ್ಚಿಸಲು ಜನ ಟೋಕನ್ ತೆಗೆದುಕೊಂಡು ಕೂರುತ್ತಾರೆ.