ಕಣ್ಣಿಗೆ ಎರಡನೇ ಹನಿ ದಂಡ

ಡ್ರಾಪ್ಸ್ ಹಾಕುವಾಗ ಬೇಗ ವಾಸಿಯಾಗಲಿ ಅಂತ ಎರಡು ಮೂರು ಹನಿ ಸುರಿಯುವವರೇ ಹೆಚ್ಚು. ಲೆಕ್ಕ ನೋಡಿ. ಒಂದು ಹನಿ ಅಂದರೆ 30ರಿಂದ 50 ಮೈಕ್ರೋಲೀಟರ್ (ಮಿಲಿಲೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಲೀಟರ್). ರೆಪ್ಪೆ ಬಡಿಯದೆ ಕೂತರೂ ಕಣ್ಣಲ್ಲಿ ನಿಲ್ಲುವುದು 30ರ ಆಸುಪಾಸು, ಅದರಲ್ಲೂ ಸುಮಾರು 7 ಕಣ್ಣೀರಿನದ್ದೇ. ಮೊದಲ ಹನಿಯೇ ತುಂಬಿ ಕೆನ್ನೆಗಿಳಿಯುತ್ತೆ, ಇಲ್ಲವೇ ಮೂಗಿನ ಬದಿಯ ಸಣ್ಣ ತೂತಿನಿಂದ ಗಂಟಲಿಗೆ. ಆಮೇಲೆ ಬಾಯಿ ಕಹಿ ಆಗೋದು ಇದಕ್ಕೇ.

ನಿಂತದ್ದಾದರೂ ಪೂರ್ತಿ ಒಳಗೆ ಹೋಗುತ್ತಾ? ಇಲ್ಲ. ಸಾಮಾನ್ಯವಾಗಿ ನೂರಕ್ಕೆ ಐದು ಪಾಲೂ ಸೇರುವುದಿಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಅರ್ಧ ಮಿಲಿಮೀಟರ್ ದಪ್ಪ, ಅಷ್ಟೆ. ಆದರೆ ಮೇಲ್ಪದರದ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿವೆ. ಕೊಬ್ಬಿನಲ್ಲಿ ಕರಗುವ ಔಷಧಿಗೆ ಅಲ್ಲಿ ದಾರಿ ಉಂಟು, ನೀರಿನಲ್ಲಿ ಕರಗುವುದಕ್ಕೆ ಕಷ್ಟ. ಕೆಳಗಿನ ದಪ್ಪ ಪದರದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ಎರಡು ಗುಣವೂ ಇರುವ ಔಷಧಿ ಚೆನ್ನಾಗಿ ದಾಟುತ್ತೆ.

ಭತ್ತದ ಹೊಟ್ಟೋ ಕಬ್ಬಿನ ಗರಿಯೋ ತಾಗಿ ಫಂಗಸ್ ಹುಣ್ಣಾದವರಿಗೆ ಕೊಡುವ 5% ನ್ಯಾಟಮೈಸಿನ್ ಈ ಮೇಲ್ಪದರವನ್ನು ಸರಿಯಾಗಿ ದಾಟುವುದಿಲ್ಲ. ಡಾಕ್ಟರು ಮರಗಟ್ಟಿಸುವ ಹನಿ ಹಾಕಿ ಹುಣ್ಣಿನ ಮೇಲ್ಭಾಗ ಕೆರೆಯುವುದು ಪರೀಕ್ಷೆಗೆ ಮಾತ್ರ ಅಲ್ಲ, ಔಷಧಿಗೆ ದಾರಿ ಮಾಡಲಿಕ್ಕೂ ಹೌದು. 'ಕೆರೆದು ಕಣ್ಣು ಹಾಳು ಮಾಡಿದರು' ಅಂತ ಆಸ್ಪತ್ರೆ ಬದಲಿಸಬೇಡಿ. ನ್ಯಾಟಮೈಸಿನ್ ಬಾಟಲಿಯಲ್ಲಿ ಪುಡಿ ತಳ ಹಿಡಿದಿರುತ್ತೆ. ಅಲುಗಾಡಿಸದೆ ಹಾಕಿದರೆ ಬೀಳುವುದು ಬರೀ ತಿಳಿನೀರು.

ಇನ್ನು ಹಾಕುವ ಕ್ರಮ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು ಆ ಜೇಬಿನೊಳಗೆ ಒಂದು ಹನಿ. ಬಾಟಲಿ ತುದಿ ಎಲ್ಲಿಯೂ ತಾಗಕೂಡದು. ಪಟಪಟ ಕಣ್ಣು ಮಿಟುಕಿಸಬೇಡಿ, ಹಾಗೆ ಮಾಡಿದರೆ ಔಷಧಿಯನ್ನು ನೀವೇ ಮೂಗಿಗೆ ಪಂಪ್ ಮಾಡಿದಂತೆ. ಮೆಲ್ಲಗೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ಮೂರು ನಿಮಿಷ ಒತ್ತಿಹಿಡಿಯಿರಿ. ಎರಡನೇ ಔಷಧಿ ಇದ್ದರೆ ಐದು ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಅದು ಮೊದಲನೆಯದನ್ನು ತೊಳೆದುಬಿಡುತ್ತೆ. ಆಯಿಂಟ್‌ಮೆಂಟ್ ಯಾವತ್ತೂ ಕೊನೆಗೆ.

ಗ್ಲುಕೋಮಾಕ್ಕೆ (ಕಣ್ಣಿನ ನರ ಹಾಳುಮಾಡುವ ಕಾಯಿಲೆ) ಟಿಮೊಲಾಲ್ ಹನಿ ಹಾಕುವವರು ಈ ಒತ್ತುವುದನ್ನು ಬಿಡಲೇಬಾರದು. ಮೂಗಿನ ಒಳಪೊರೆ ಹೀರಿದ ಔಷಧಿ ಲಿವರ್‌ಗೆ ಹೋಗಿ ಅಲ್ಲಿ ಒಡೆದು ಶಕ್ತಿ ಕಳೆದುಕೊಳ್ಳುವ ಮೊದಲೇ ರಕ್ತಕ್ಕೆ ಸೇರುತ್ತೆ. ನಾಡಿ ನಿಧಾನವಾಗಬಹುದು, ಅಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. ಕಣ್ಣಿನ ಹನಿ ತಾನೇ ಅಂತ ಅಸ್ತಮಾದ ವಿಷಯ ಡಾಕ್ಟರಿಗೆ ಹೇಳದೇ ಇರಬೇಡಿ.