ಜ್ವರ ಬಂದವರು ಮನೆಯಲ್ಲಿರಲಿ: ಇದನ್ನು ಕಾನೂನೇ ಹೇಳಬೇಕೇ?

ಕೋವಿಡ್ ಕಾಲದಲ್ಲಿ ಕೆಲಸದ ಜಾಗಗಳಿಗೆ ಹತ್ತಾರು ನಿಯಮ ಬಂದವು, ಹೋದವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತುರ್ತು ಪರಿಸ್ಥಿತಿ ಮುಗಿಯಿತು ಎಂದಿತು. ಆದರೆ ಕೆಮ್ಮು, ಜ್ವರ ತರುವ ವೈರಸ್‌ಗಳು ಇಲ್ಲೇ ಇವೆ. ಗಾಳಿಯಾಡುವ ವ್ಯವಸ್ಥೆ, ಜ್ವರ ಬಂದವರಿಗೆ ಸಂಬಳದ ರಜೆ, ಕೆಮ್ಮಿದ್ದಾಗ ಮಾಸ್ಕ್: ಈ ಮೂರನ್ನೂ ಕಾಯಂ ಕಡ್ಡಾಯ ಮಾಡಬೇಕೇ?

ಪರ: ಗೇಟಿನಲ್ಲಿ ಗನ್ ಹಿಡಿದರೆ ಸಾಲದು

ನಾನು ಹನ್ನೊಂದು ವರ್ಷ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಕಾಲರ್ ಕೂರಿಸುವ ಮೆಷಿನ್ ನನ್ನದು. ನನ್ನ ಮುಂದಿನ ಮೆಷಿನ್ನಿನಲ್ಲಿ ಕಫ್ ಹೊಲಿಯುವ ಗೆಳತಿ. ಅವಳ ಬೆನ್ನಿಗೂ ನನ್ನ ಮುಖಕ್ಕೂ ಮಧ್ಯೆ ಇದ್ದದ್ದು ಒಂದು ಮೆಷಿನ್ನಿನಷ್ಟು ಜಾಗ.

2021ರ ಏಪ್ರಿಲ್. ಎರಡನೇ ಅಲೆ ಶುರುವಾಗಿತ್ತು. ಗೇಟಿನಲ್ಲಿ ಸೆಕ್ಯುರಿಟಿಯವರು ಹಣೆಗೆ ಟೆಂಪರೇಚರ್ ಗನ್ ಹಿಡಿಯುತ್ತಿದ್ದರು. ನೂರು ದಾಟಿದರೆ ವಾಪಸ್. ವಾಪಸ್ ಹೋದರೆ ಆ ದಿನದ ಕೂಲಿ ಇಲ್ಲ, ತಿಂಗಳ ಅಟೆಂಡೆನ್ಸ್ ಬೋನಸ್ಸೂ ಇಲ್ಲ. ಗೆಳತಿ ಮನೆ ಬಿಡುವಾಗಲೇ ಒಂದು ಡೋಲೋ ನುಂಗಿ ಬರುತ್ತಿದ್ದಳು. ಗೇಟಿಗೆ ಬರುವ ಹೊತ್ತಿಗೆ ಮೈ ಬೆವರಿ ಹಣೆ ತಣ್ಣಗಾಗಿರುತ್ತಿತ್ತು. ಗನ್ ಬಿಟ್ಟುಕೊಡುತ್ತಿತ್ತು. ಮೂರು ದಿನ ಹಾಗೇ ಬಂದಳು. ಮಧ್ಯಾಹ್ನ ಮಾತ್ರೆಯ ಬಲ ಇಳಿದಾಗ ಸೂಜಿಗೆ ದಾರ ಪೋಣಿಸಲು ಅವಳಿಗೆ ಆಗುತ್ತಿರಲಿಲ್ಲ. ಕೈ ನಡುಗುತ್ತಿತ್ತು. ನಾನೇ ಬಗ್ಗಿ ಪೋಣಿಸಿ ಕೊಟ್ಟೆ.

ಅವಳ ಮೇಲೆ ನನಗೆ ಆಗಲೂ ಕೋಪ ಇರಲಿಲ್ಲ, ಈಗಲೂ ಇಲ್ಲ. ಆ ತಿಂಗಳು ಮಗಳ ಫೀಸ್ ಕಟ್ಟಬೇಕಿತ್ತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ವಾರ ತುಂಬುವುದರೊಳಗೆ ನಮ್ಮ ಲೈನಿನಲ್ಲಿ ಒಂಬತ್ತು ಮೆಷಿನ್ ಖಾಲಿ. ನಾನೂ ಮಲಗಿದೆ. ನನ್ನಿಂದ ಅಪ್ಪನಿಗೆ ಬಂತು. ಆಟೋದಲ್ಲಿ ಅವರನ್ನು ಒರಗಿಸಿಕೊಂಡು ನಾಲ್ಕು ಆಸ್ಪತ್ರೆ ಸುತ್ತಿದೆವು. ಐದನೆಯದರಲ್ಲಿ ಬೆಡ್ ಸಿಕ್ಕಿತು. ಹದಿನೆಂಟು ದಿನ ಆಕ್ಸಿಜನ್ ಮೇಲಿದ್ದು ಬದುಕಿ ಬಂದರು. ನಮ್ಮ ಮನೆಗೆ ಹದಿನಾಲ್ಕು ಮೆಟ್ಟಿಲು. ಇವತ್ತಿಗೂ ಅಷ್ಟು ಹತ್ತುವುದರೊಳಗೆ ಎರಡು ಸಲ ಕೂರುತ್ತಾರೆ.

ಆ ಫ್ಲೋರಿನಲ್ಲಿ ಎಚ್ಚರಿಕೆಯೇ ಇರಲಿಲ್ಲ ಅಂತಲ್ಲ. ಬೇಕಾದಷ್ಟಿತ್ತು. ನೆಲದ ಮೇಲೆ ವೃತ್ತ ಬರೆದಿದ್ದರು. ಕತ್ತರಿಗೂ ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದೆವು. ಮೆಷಿನ್‌ಗಳ ಮಧ್ಯೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ಬಿಳಿ ಅಂಗಿಯ ಆರ್ಡರ್ ಇದ್ದಾಗ ಧೂಳು ಕೂರುತ್ತೆ ಅಂತ ಕಿಟಕಿ ಮಾತ್ರ ಮುಚ್ಚೇ ಇರುತ್ತಿತ್ತು. ಗಾಳಿಯ ಸುದ್ದಿ ಯಾರೂ ಎತ್ತಲಿಲ್ಲ.

ದೊಡ್ಡವರೇ ತಪ್ಪಿದ್ದರು, ನಮ್ಮ ಫ್ಲೋರ್ ಇನ್‌ಚಾರ್ಜ್ ಯಾವ ಲೆಕ್ಕ? 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವೈರಸ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಸಾರಿತ್ತು. ಆ ಮಾತು ಪೂರ್ತಿ ಬದಲಾಗಲು ವರ್ಷದ ಮೇಲೆ ಹಿಡಿಯಿತು. ಅದೇ ಹೊತ್ತಿಗೆ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಒಂದು ಕಾಲ್ ಸೆಂಟರ್ ಇಡೀ ಜಗತ್ತಿಗೆ ಪಾಠ ಹೇಳಿತ್ತು. ಕಟ್ಟಡದ 11ನೇ ಮಹಡಿಯಲ್ಲಿ 216 ಜನ. ಅವರಲ್ಲಿ 94 ಜನರಿಗೆ ಸೋಂಕು ತಗುಲಿತು. ಜಾಸ್ತಿ ಜನ ಮಹಡಿಯ ಒಂದೇ ಪಕ್ಕದಲ್ಲಿ ಕೂತವರು. ಲಿಫ್ಟು, ಲಾಬಿಯಲ್ಲಿ ಎಲ್ಲ ಮಹಡಿಯವರೂ ಎದುರಾಗುತ್ತಿದ್ದರು. ಆದರೂ ಬೇರೆ ಮಹಡಿಗಳಲ್ಲಿ ಸಿಕ್ಕಿದ್ದು ಮೂರೇ ಪ್ರಕರಣ. ಲಿಫ್ಟಿನ ಗುಂಡಿ ಮುಟ್ಟಿ ಬಂದಿದ್ದರೆ ಹೀಗಾಗುತ್ತಿತ್ತಾ? ದಿನವಿಡೀ ಒಂದೇ ಗಾಳಿ ಉಸಿರಾಡಿದವರಿಗೆ ಬಂತು. ನಮ್ಮ ನಂಜನಗೂಡಿನ ಔಷಧ ಕಾರ್ಖಾನೆಯಲ್ಲೂ 2020ರ ಮಾರ್ಚ್ ಕೊನೆಯಲ್ಲಿ ಒಬ್ಬ ನೌಕರನಿಂದ ಸುದ್ದಿ ಶುರುವಾಗಿ, ಅವರ ಮನೆಯವರೂ ಸೇರಿ ಎಪ್ಪತ್ತು ದಾಟಿತು. ಆಗ ಊರೆಲ್ಲ ಮಾತಾಡಿದ್ದು ಚೀನಾದಿಂದ ಬಂದ ಪೆಟ್ಟಿಗೆಯ ಬಗ್ಗೆ, ಒಳಗಿನ ಗಾಳಿಯ ಬಗ್ಗೆ ಅಲ್ಲ.

ಹೊಸದೇನನ್ನೂ ನಾವು ಕೇಳುತ್ತಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಒಬ್ಬೊಬ್ಬ ಕಾರ್ಮಿಕರಿಗೂ 14.2 ಘನ ಮೀಟರ್ ಜಾಗ ಇರಬೇಕು, ಹೊಸ ಗಾಳಿ ಆಡಬೇಕು ಎಂದು ಬರೆದಿತ್ತು. ಈಗ ಅಳೆಯುವುದೂ ಸುಲಭ. ಅಂಗೈಯಷ್ಟು ದೊಡ್ಡ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಾಕು. ಹೊರಗೆ ಅದು ಹತ್ತು ಲಕ್ಷ ಭಾಗ ಗಾಳಿಗೆ 420ರ ಸುತ್ತ ತೋರಿಸುತ್ತೆ. ಒಳಗೆ ಸಾವಿರ ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ತಿಳಿಯಬೇಕು.

ಇನ್ನು ರಜೆ. ನಮಗೆ ಇಎಸ್ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇತ್ತು. ಕಾಯಿಲೆ ಬಿದ್ದರೆ ಕೂಲಿಯ ಶೇ 70 ಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಕೋವಿಡ್ ಜಾಸ್ತಿ ಹರಡುವುದೇ ಜ್ವರ ಕಾಣಿಸುವ ಆಸುಪಾಸಿನ ದಿನಗಳಲ್ಲಿ. ಯಾವ ಎರಡು ದಿನ ಮನೆಯಲ್ಲಿ ಇರಲೇಬೇಕೋ ಅದೇ ಎರಡು ದಿನಕ್ಕೆ ಕೂಲಿ ಇಲ್ಲ!

ಖರ್ಚಿನ ಮಾತು ಬರುತ್ತೆ, ಗೊತ್ತು. ಒಂಬತ್ತು ಮೆಷಿನ್ ಖಾಲಿ ಬಿದ್ದ ವಾರದ ಖರ್ಚು ಲೆಕ್ಕ ಹಾಕಿದ್ದೀರಾ? ನನ್ನ ಅಪ್ಪನ ಶ್ವಾಸಕೋಶಕ್ಕಿಂತ ಒಂದು ಎಕ್ಸಾಸ್ಟ್ ಫ್ಯಾನ್ ದುಬಾರಿಯೇ? ಮೊದಲ ದಿನದಿಂದಲೇ ಪೂರ್ತಿ ಕೂಲಿ ಕೊಟ್ಟು ಮನೆಗೆ ಕಳಿಸಿ. ಯಾರೂ ಡೋಲೋ ನುಂಗಿ ಗೇಟು ದಾಟುವುದಿಲ್ಲ.

ವಿರೋಧ: ಕಾನೂನು ಬಂದರೆ ರಿಜಿಸ್ಟರ್ ತುಂಬುತ್ತದೆ

ವಿರೋಧದ ಕಡೆ ಬರೆಯಿರಿ ಎಂದು ನನ್ನನ್ನು ಕೇಳಿದರು. ಪೀಣ್ಯದಲ್ಲಿ ಹನ್ನೆರಡು ಜನರ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ, ಹಾಗಾಗಿ ಒಪ್ಪಿಕೊಂಡೆ. ಕಿಟಕಿ ತೆರೆಯಬೇಡಿ ಎಂದು ನಾನು ಹೇಳುವುದಿಲ್ಲ. ಮುಖಕ್ಕೆ ಸರಿಯಾಗಿ ಕೂತ ಎನ್95 ಮಾಸ್ಕ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಎಲ್ಲರಿಗೂ ಒಂದೇ ಕಾಯಂ ಕಾನೂನು ಬೇಡ ಎನ್ನುವುದಷ್ಟೇ ನನ್ನ ಮಾತು.

2020ರಲ್ಲಿ ನಮ್ಮಲ್ಲೂ ರಿಜಿಸ್ಟರ್ ಇಟ್ಟೆವು. ದಿನಾಂಕ, ಹೆಸರು, ಟೆಂಪರೇಚರ್, ಸಹಿ. ಮೊದಲ ವಾರ ನಿಜವಾಗಿ ಅಳೆದೆವು. ಆಮೇಲೆ ಕೆಲಸದ ಒತ್ತಡದಲ್ಲಿ ತಪ್ಪಿಹೋಯಿತು. ತಿಂಗಳ ಕೊನೆಗೆ ಕೂತು 97.4, 97.6, ಮತ್ತೆ 97.4 ಎಂದು ಒಂದೇ ಪೆನ್ನಿನಲ್ಲಿ ತುಂಬಿದೆವು. ಅದು ತಪ್ಪು, ಒಪ್ಪುತ್ತೇನೆ. ತಪಾಸಣೆಗೆ ಬಂದವರು ನಾಲ್ಕು ಪುಟ ತಿರುಗಿಸಿ ಸಹಿ ಹಾಕಿ ಹೊರಟರು. ಶೆಡ್ಡಿನ ಹಿಂದಿನ ಶಟರ್ ಇಡೀ ವರ್ಷ ಮುಚ್ಚಿತ್ತು. ಅದನ್ನು ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ರಿಜಿಸ್ಟರ್ ಸರಿ ಇದ್ದರೆ ಎಲ್ಲ ಸರಿ ಇದೆ ಎಂದುಕೊಂಡಿದ್ದೆವು. ನಾಳೆ ಗಾಳಿ ಅಳೆಯುವ ಮೀಟರ್ ಕಡ್ಡಾಯ ಮಾಡಿದರೆ ಅದರ ಅಂಕಿಗಳನ್ನೂ ಹೀಗೇ ತುಂಬುತ್ತಾರೆ.

ಪರವಾಗಿ ಮಾತಾಡುವವರನ್ನು ಕೇಳಿದರೆ, ಯಾರಾದರೂ ಒಂದು ಸಲ ಸೀನಿದರೆ ಮೆಷಿನ್ ನಿಲ್ಲಿಸಿ ಮನೆಗೆ ಕಳಿಸಬೇಕು. ಲೇತ್ ಮುಂದೆ ನಿಲ್ಲುವವರು ಕಬ್ಬಿಣದ ಧೂಳಿಗೆ, ಕೂಲಂಟ್ ವಾಸನೆಗೆ ದಿನಾ ಸೀನುತ್ತಾರೆ, ಕೆಮ್ಮುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗೆ ಎಂಟು ಗಂಟೆ ಎನ್95 ಹಾಕಿ ನಿಂತವರಿಗೆ ಆ ಕಷ್ಟ ಗೊತ್ತು.

ಹೆದರಿಕೆಯಲ್ಲಿ ಮಾಡಿದ ನಿಯಮ ಹೇಗಿರುತ್ತದೆ ಅಂತ 2025ರ ಜನವರಿಯಲ್ಲೂ ನೋಡಿದೆ. ಬೆಂಗಳೂರಿನಲ್ಲಿ ಎರಡು ಕೂಸುಗಳಲ್ಲಿ ಶೀತ, ಕೆಮ್ಮು ತರುವ ಎಚ್‌ಎಂಪಿವಿ ಪತ್ತೆಯಾಯಿತು. ಅದು 2001ರಲ್ಲೇ ಗುರುತಿಸಿದ ಹಳೆಯ ವೈರಸ್. ಆದರೂ ಎರಡೇ ದಿನದಲ್ಲಿ ನಮಗೆ ಕೆಲಸ ಕೊಡುವ ಕಂಪನಿಯಿಂದ ಫೋನ್ ಬಂತು. ಸ್ಯಾನಿಟೈಸರ್ ಸ್ಟ್ಯಾಂಡ್ ಮತ್ತೆ ಇಟ್ಟು ಫೋಟೋ ಕಳಿಸಿ ಅಂದರು. ಕಳಿಸಿದೆವು.

ಸಂಬಳದ ರಜೆಯ ಪ್ರಶ್ನೆ ದೊಡ್ಡದು. ಅದನ್ನು ಬೇರೆಯಾಗಿಯೇ ಚರ್ಚಿಸಬೇಕು, ಇದರ ಜೊತೆ ಬೆರೆಸುವುದು ಬೇಡ. ಇಷ್ಟು ಮಾತ್ರ ಹೇಳುತ್ತೇನೆ. ಹನ್ನೆರಡರಲ್ಲಿ ಮೂವರು ಒಂದೇ ವಾರ ಇಲ್ಲದಿದ್ದರೆ ನನ್ನ ಡೆಲಿವರಿ ತಪ್ಪುತ್ತದೆ, ಮುಂದಿನ ಆರ್ಡರ್ ಕೊಯಮತ್ತೂರಿಗೆ ಹೋಗುತ್ತದೆ. ಸಾವಿರ ಜನರ ಫ್ಯಾಕ್ಟರಿಗೆ ಈ ಭಯವಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಮಿಲ್ಲಿಂಗ್ ಆಪರೇಟರ್ ಬಂದು, ಒಳಗೆ ಉಸಿರು ಕಟ್ಟುತ್ತೆ, ಎಲ್ಲರಿಗೂ ಒಂದೇ ಕೆಮ್ಮು ಸುತ್ತುತ್ತಿದೆ ಅಂದ. ಆ ಭಾನುವಾರವೇ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಹಿಂದಿನ ಶಟರ್ ಈಗ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದೇ ಇರುತ್ತದೆ. ಅದಕ್ಕೆ ಯಾವ ಆದೇಶವೂ ಬಂದಿರಲಿಲ್ಲ.