ಕಾಯಿಲ್ ಹತ್ತಿರ ಇದ್ದರಷ್ಟೇ ಸಾಲದು
ದೇಹದೊಳಗೆ ಕಾಯಿಲ್ (ದೇಹದಿಂದ ಬರುವ ರೇಡಿಯೋ ಸಿಗ್ನಲ್ ಹಿಡಿಯುವ ತಂತಿಯ ಸುರುಳಿ) ಇಟ್ಟರೆ ಎಂಆರ್‌ಐ ಸಿಗ್ನಲ್ ಜಾಸ್ತಿ ಸಿಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ಆದರೆ ವಿಷಯ ಅಷ್ಟು ಸರಳ ಅಲ್ಲ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಸ್ಕ್ಯಾನ್‌ಗೆ ಗುದದ್ವಾರದ ಮೂಲಕ ಒಳಗಿಡುವ ಬಲೂನ್ ಕಾಯಿಲನ್ನೇ ನೋಡಿ. ಅದು ಸಣ್ಣದು, ಹತ್ತಿರದ ಜಾಗದ ಸಿಗ್ನಲ್ಲನ್ನಷ್ಟೇ ಹಿಡಿಯುತ್ತದೆ. ಉಳಿದ ದೇಹದ ಗದ್ದಲ (ಬೇಡದ ಸಿಗ್ನಲ್) ಕಡಿಮೆ ಸೇರುತ್ತದೆ. ಲಾಭ ಇರುವುದೇ ಅಲ್ಲಿ. ಆದರೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಸಿಗ್ನಲ್ ಕುಸಿಯುತ್ತದೆ. ಕಾಯಿಲ್ ಪಕ್ಕದ ಭಾಗ ಬೆಳ್ಳಗೆ ಹೊಳೆಯುತ್ತದೆ, ಗ್ರಂಥಿಯ ಮುಂಭಾಗ ಮಂಕು. ಬಲೂನಿಗೆ ಗಾಳಿ ತುಂಬಿದರೆ ಅದರ ಅಂಚಿನಲ್ಲಿ ಕಾಂತಕ್ಷೇತ್ರ ಏರುಪೇರಾಗಿ ಡಿಫ್ಯೂಷನ್ ಚಿತ್ರ (ಅಂಗಾಂಶದಲ್ಲಿ ನೀರಿನ ಕಣಗಳ ಚಲನೆ ತೋರಿಸುವ ಚಿತ್ರ) ಸೊಟ್ಟಗಾಗುತ್ತದೆ. ಅದಕ್ಕೇ ಕೆಲವರು ಗಾಳಿಯ ಬದಲು, ಕಾಂತಕ್ಷೇತ್ರವನ್ನು ಅಷ್ಟು ಕೆಡಿಸದ ಪರ್‌ಫ್ಲೋರೋಕಾರ್ಬನ್ ದ್ರವ ತುಂಬುತ್ತಾರೆ. ಬಲೂನ್ ಒತ್ತಿ ಗ್ರಂಥಿಯ ಆಕಾರವೇ ಬದಲಾಗುವುದು ಬೇರೆ!

ನೀವು ಬಿಟ್ಟ ದೊಡ್ಡ ವಿಷಯ ಸುರಕ್ಷತೆ. ಕಾಯಿಲನ್ನು 1.5 ಟೆಸ್ಲಾ (ಟೆಸ್ಲಾ ಅಂದರೆ ಯಂತ್ರದ ಕಾಂತಕ್ಷೇತ್ರದ ಅಳತೆ) ಯಂತ್ರಕ್ಕೆ ಸುಮಾರು 64 ಮೆಗಾಹರ್ಟ್ಸ್‌ಗೆ, 3 ಟೆಸ್ಲಾಗೆ ಸುಮಾರು 128ಕ್ಕೆ ಟ್ಯೂನ್ ಮಾಡುತ್ತಾರೆ (ಆ ರೇಡಿಯೋ ಆವರ್ತನಕ್ಕೆ ಹೊಂದಿಸುತ್ತಾರೆ). ಹೊರಗಿನ ದೊಡ್ಡ ಕಾಯಿಲ್ ರೇಡಿಯೋ ಪಲ್ಸ್ ಕಳಿಸುವ ಹೊತ್ತಿಗೆ ಒಳಗಿನದು ಡೀಟ್ಯೂನ್ ಆಗಿರಲೇಬೇಕು, ಅಂದರೆ ಆ ಆವರ್ತನದಿಂದ ತಪ್ಪಿಸಿರಬೇಕು. ಅದನ್ನು ಮಾಡುವ ಡಯೋಡ್ (ಸ್ವಿಚ್‌ನಂಥ ಎಲೆಕ್ಟ್ರಾನಿಕ್ ಭಾಗ) ಕೈಕೊಟ್ಟರೆ, ಅಥವಾ ಕೇಬಲ್ ಹೊರಪದರದಲ್ಲಿ ಕರೆಂಟ್ ಹರಿದರೆ, ಒಳಗೇ ಸುಟ್ಟಗಾಯ ಆಗಬಹುದು. ಈಗ 3 ಟೆಸ್ಲಾ ಯಂತ್ರದಲ್ಲಿ ಹೊಟ್ಟೆಯ ಮೇಲಿಡುವ ಅರೇ ಕಾಯಿಲೇ (ಹಲವು ಸಣ್ಣ ಕಾಯಿಲ್‌ಗಳ ಜೋಡಣೆ) ಸಾಮಾನ್ಯವಾಗಿ ಸಾಕಾಗುತ್ತದೆ. ರೋಗಿಗೂ ಹಿಂಸೆ ತಪ್ಪುತ್ತದೆ, ಅಲ್ವಾ? ಒಳಗಿಡುವುದನ್ನು 1.5 ಟೆಸ್ಲಾದ ಹಳೆ ಯಂತ್ರಗಳಿಗೆ ಬಿಟ್ಟುಬಿಡಬಹುದು ಅನ್ನುವುದು ನನ್ನ ಅಭಿಪ್ರಾಯ.